ಸೊಸೆಯ ಕಾರ್ಡು

ಮಾರ್ಚ್ 4, ಸೋಮವಾರ

ಬೆಳಿಗ್ಗೆ ನನ್ನ ಔಷಧಿ ಅಂಗಡಿಯ ಬಿ.ಪಿ. ಮೆಷಿನ್ ಮುಂದೆ ಎಂದಿನ ಗುಂಪು. ನೋಡಿಸಿಕೊಳ್ಳುವವರಿಗಿಂತ ಹರಟುವವರೇ ಜಾಸ್ತಿ. ಕೆಮ್ಮಿನ ಸಿರಪ್ ಖಾಲಿ. ಆರ್ಡರ್ ಹಾಕಬೇಕು.

ಲಾಯ್ ಅಮ್ಮ ಬಂದರು — ಹಿಂದಿನ ಬೀದಿಯ ಮೂಲೆಯಲ್ಲಿ ಮಾಂಸದ ಕಡುಬು ಕರಿಯುವವರು. ಮನೆಮಂದಿಯ ವಿಮೆ ಕಾರ್ಡುಗಳಿಗೆಲ್ಲ ಒಂದೇ ರಬ್ಬರ್ ಬ್ಯಾಂಡ್. ನಮ್ಮ ಬೇಯ್‌ಡೌ ಊರಲ್ಲಿ ಎಲ್ಲರೂ ಹೀಗೇ. ಡಾಕ್ಟರ ಚೀಟಿ ನನ್ನ ಅಂಗಡಿಯಲ್ಲೇ ಇರುತ್ತದೆ. ಮನೆಯಿಂದ ಯಾರೋ ಒಬ್ಬರು ಕಾರ್ಡು ಹಿಡಿದು ಬಂದು ಎಲ್ಲರ ಮಾತ್ರೆ ಒಯ್ಯುತ್ತಾರೆ. ಇವತ್ತು ಸೊಸೆ ಪೈರುಂಗ್‌ಳ ಕಾರ್ಡೂ ಇತ್ತು.

"ಟಿ.ವಿ. ಪಕ್ಕ ಬಿದ್ದಿತ್ತು ಕಣೇ ಬೀಶ್ಯಾ. ಹೆಂಗೂ ಬರ್ತಿದ್ನಲ್ಲ, ಅವಳ ಅಲರ್ಜಿ ಮಾತ್ರೆನೂ ಕೊಟ್ಬಿಡು."

ಅಲರ್ಜಿ ಎಂದದ್ದು ಕಿವಿಗೆ ಬಿತ್ತು. ತಲೆಗೆ ಹೋಗಲಿಲ್ಲ. ಮಾತ್ರೆ ಎಣಿಸುತ್ತ ತಮಾಷೆಗೆ ಕೇಳಿದೆ, "ಮೊಮ್ಮಗು ಯಾವಾಗ?"

"ನನ್ನ ಕೇಳ್ತೀಯಲ್ಲ! ಡ್ರ್ಯಾಗನ್ ವರ್ಷ ಬೇರೆ, ಈ ವರ್ಷ ಹುಟ್ಟೋ ಮಕ್ಳು ಅದೃಷ್ಟವಂತ್ರು. ಇವ್ರಿಬ್ರೂ ದುಡಿಮೆ ದುಡಿಮೆ ಅಂತ ಸಾಯ್ತಾರೆ."

"ಮಗು ಯೋಚನೆ ಇದ್ರೆ ಮೊದ್ಲೇ ಡಾಕ್ಟರಿಗೆ ಹೇಳ್ಬೇಕು ಅನ್ನಿ. ಈ ಫಿಟ್ಸ್ ಮಾತ್ರೆ ಬದಲಾಯಿಸ್ತಾರೆ. ತಾನಾಗೇ ನಿಲ್ಲಿಸೋ ಹಂಗಿಲ್ಲ."

ಲಾಯ್ ಅಮ್ಮನ ಕೈ ಚೀಲದೊಳಗೇ ನಿಂತಿತು.

"ಯಾರಿಗೆ ಫಿಟ್ಸು?"

ಅದೇ ದಿನ, ಸಂಜೆ

ಮದುವೆಯಾಗಿ ಬಂದ ಹೊಸತರಲ್ಲಿ ಪೈರುಂಗ್ ಅಂಗಡಿ ಖಾಲಿಯಾಗುವವರೆಗೆ ಕಾದಿದ್ದಳು. "ಅಕ್ಕ, ನನ್ನ ಗಂಡ ಯೆನ್‌ಹಾವ್‌ಗೆ ಬಿಟ್ರೆ ಮನೇಲಿ ಯಾರಿಗೂ ಗೊತ್ತಿಲ್ಲ. ಅಲರ್ಜಿ ಮಾತ್ರೆ ಅಂದಿದೀನಿ. ನಾನೇ ಬಂದು ತಗೊಂಡು ಹೋಗ್ತೀನಿ." ನಾನು ದೊಡ್ಡದಾಗಿ ಹೇಳಿದ್ದೆ: ಔಷಧಿ ಅಂಗಡಿಯವರ ಬಾಯಿಗೆ ಬೀಗ ಇರುತ್ತೆ ಕಣಮ್ಮ.

ಬೀಗವಂತೆ.

ಮಾರ್ಚ್ 9

ಐದು ದಿನ ಲಾಯ್ ಅಮ್ಮನ ಬೀದಿಗೇ ಹೋಗಿರಲಿಲ್ಲ. ಇವತ್ತು ಹೋದೆ. ಬಾಣಲೆ ಮುಂದೆ ಲಾಯ್ ಅಮ್ಮನೇ ನಿಂತಿದ್ದರು. ಪೈರುಂಗ್ ಒಳಗೆ, ತಟ್ಟೆ ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

ಕಡುಬು ಕಟ್ಟಿಕೊಡುತ್ತ ಲಾಯ್ ಅಮ್ಮ ಪಿಸುಗುಟ್ಟಿದರು: "ಎಣ್ಣೆ ಹತ್ರ ಬಿಡ್ತಿಲ್ಲ ಅವಳನ್ನ. ಬಿದ್ರೆ ಏನು ಗತಿ? ಪಾಪ, ನನ್ನ ಮಗಳ ಹಂಗೇ ಅಲ್ವಾ." ಆಮೇಲೆ ಇನ್ನೂ ಮೆಲ್ಲಗೆ, "ನೀನು ಹೆದರ್ಬೇಡ. ನಿನ್ನ ಹೆಸ್ರು ಎತ್ತಿಲ್ಲ. ಒಂದು ಮಾತು ಬಾಯಿ ತಪ್ಪಿದ್ದಕ್ಕೆ ಲೈಸೆನ್ಸ್ ಕಳ್ಕೋಬೇಕಾ?" ಒಂದು ಕಡುಬು ಹೆಚ್ಚಿಗೆ ಹಾಕಿದರು.

ಖುಷಿಯಾಯಿತು. ಬರೆಯಲು ನಾಚಿಕೆ... ಆದರೂ ಖುಷಿಯಾಯಿತು. ಕಡುಬು ತಿಂದೆ ಕೂಡ.

ಮಾರ್ಚ್ 17, ಭಾನುವಾರ

ಚಾಂಗ್‌ಹ್ವಾದಲ್ಲಿ ಫಾರ್ಮಸಿಸ್ಟರ ಕ್ಲಾಸು. ಹಾಜರಿ ಪಾಯಿಂಟ್ ಇಲ್ಲದೆ ಲೈಸೆನ್ಸ್ ರಿನ್ಯೂ ಆಗದು. ವಿಷಯ ನೋಡಿಯೇ ಎದ್ದು ಹೋಗೋಣ ಅನ್ನಿಸಿತು — ರೋಗಿಯ ಗುಟ್ಟು, ರೋಗಿಯ ಒಪ್ಪಿಗೆ. ವಕೀಲರೊಬ್ಬರು ಬಂದಿದ್ದರು. "ಮಾತ್ರೆ ಒಯ್ಯೋಕೆ ಬಂದವ್ರಿಗೆ ಕಾಯಿಲೆ ತಿಳ್ಕೊಳ್ಳೋ ಹಕ್ಕಿದೆಯಾ? ಕಾರ್ಡು ಕೈಲಿದ್ರೆ ಒಪ್ಪಿಗೆ ಇದೆ ಅಂತಾನಾ?" ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಸಾರ್, ನಮ್ಮೂರಲ್ಲಿ ನಾಯಿ ಕಾರ್ಡು ಕಚ್ಕೊಂಡು ಬಂದ್ರೂ ಮಾತ್ರೆ ಕೊಡ್ತೀವಿ!" ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಸ್ವಲ್ಪ ಜೋರಾಗಿಯೇ.

ಮಧ್ಯಾಹ್ನದ ಊಟದ ಡಬ್ಬಿ ತೆರೆಯಲೇ ಇಲ್ಲ.

ಮಾರ್ಚ್ 20

ಪೈರುಂಗ್ ಬಂದಿದ್ದಳು. ಸೊರಗಿದ್ದಾಳೆ.

"ಅತ್ತೆಗೆ ಗೊತ್ತಾಗಿದೆ ಅಕ್ಕ. ಬಚ್ಚಲಿಗೆ ಹೋದ್ರೂ ಬಾಗ್ಲು ಹಾಕ್ಬೇಡ ಅಂತಾರೆ. ದೇವಸ್ಥಾನದ ಮಂತ್ರದ ಚೀಟಿ ಸುಟ್ಟು ಬೂದಿ ನೀರಲ್ಲಿ ಕಲಸಿ ಕುಡಿಸ್ತಾರೆ. ಬೈದಿದ್ರೆ ಜಗಳನಾದ್ರೂ ಆಡ್ಬಹುದಿತ್ತು..."

"ಯಾರು ಹೇಳಿದ್ರಂತೆ?" ಕೇಳಿದೆ. ನಾನೇ ಕೇಳಿದೆ! ಎಂಥ ನಾಲಿಗೆ ಇದು.

"ಇನ್ಯಾರು? ಯೆನ್‌ಹಾವ್ ಒಬ್ನಿಗೇ ಗೊತ್ತಿದ್ದಿದ್ದು. ಮೊದ್ಲು ಇಲ್ಲ ಅಂದ. ಆಮೇಲೆ, ಹೌದು ನಾನೇ ಹೇಳ್ದೆ ಅಂದ. ಮುಚ್ಚಿಡೋದು ಬೇಡ ಅಂದಿದ್ರೆ ಸಹಿಸ್ತಿದ್ದೆ ಅಕ್ಕ. ಮಾತು ಕೊಟ್ಟು ಹಿಂಗೆ ಮಾಡಿದ್ನಲ್ಲ."

ಶನಿವಾರ ತೈತುಂಗ್‌ಗೆ, ತವರಿಗೆ. ಇನ್ನು ಬರುವುದಿಲ್ಲವಂತೆ. ಡಾಕ್ಟರ ಚೀಟಿ ಆವತ್ತು ಒಯ್ಯುತ್ತಾಳೆ.

ಹೇಳಲು ಬಾಯಿ ತೆರೆದೆ. ಬಂದ ಮಾತು: "ಊಟ ಆದ್ಮೇಲೇ ತಗೋ ಮಾತ್ರೆ."

ಮಾರ್ಚ್ 21

ಆ ಹುಡುಗ ಹೇಳದಿದ್ದುದನ್ನು ಯಾಕೆ ಒಪ್ಪಿಕೊಂಡ? ತಡೆಯಲಾಗದೆ ಲಾಯ್ ಅಮ್ಮನನ್ನೇ ಕೇಳಿದೆ.

"ಹುಚ್ಚು ಮುಂಡೇದು. ನಾನು ಅವಳ ಬ್ಯಾಗ್ ತಡಕಿದೀನಿ ಅಂದ್ಕೊಂಡಿದಾನೆ. ಅಮ್ಮನ ಮೇಲೆ ಬರದೆ ಇರ್ಲಿ ಅಂತ ತನ್ನ ತಲೆ ಮೇಲೆ ಎಳ್ಕೊಂಡ."

"ಮತ್ತೆ ನೀವಾದ್ರೂ ನಿಜ ಹೇಳ್ಬಾರ್ದಾ?"

"ನಿನಗೆ ಮಾತು ಕೊಟ್ಟಿದೀನಲ್ಲೇ." ಕೋಪ ಬಂದಿತ್ತು ಅವರಿಗೆ. "ಗಂಡ ಹೆಂಡ್ತಿ ಜಗಳ, ತಿಂಗಳಲ್ಲಿ ಬರ್ತಾಳೆ ಬಿಡು."

ಬರುವುದಿಲ್ಲ ಅವಳು. ಮುಖ ನೋಡಿದ್ದೇನೆ. ನಾನು ಸುಮ್ಮನಿದ್ದರೆ ಸಾಕು, ಅಂಗಡಿ ಉಳಿಯುತ್ತದೆ. ಬೇರೆಯವರ ಮನೆ ಮುರಿದು ಉಳಿಸಿಕೊಂಡ ಅಂಗಡಿ. ಥೂ.

ಮಾರ್ಚ್ 23, ಶನಿವಾರ

ಹೇಳಿಬಿಟ್ಟೆ.

ಸೂಟ್‌ಕೇಸ್ ಹಿಡಿದೇ ಬಂದಿದ್ದಳು. ಒಳಗೆ, ಫ್ರಿಜ್ ಪಕ್ಕಕ್ಕೆ ಕರೆದೆ. "ಯೆನ್‌ಹಾವ್ ಹೇಳಿಲ್ಲ ಪೈರುಂಗ್. ನಾನು ಹೇಳಿದ್ದು. ನಿಮ್ಮತ್ತೆ ಕಾರ್ಡು ತಂದಿದ್ರು. ಅವ್ರು ಕೇಳ್ಲೂ ಇಲ್ಲ, ನಾನಾಗೇ ಬಾಯಿ ಬಿಟ್ಟೆ. ಆರೋಗ್ಯ ಇಲಾಖೆಗೆ ದೂರು ಕೊಡು. ನಾನು ಇಲ್ಲ ಅನ್ನಲ್ಲ."

ಕೂಗುತ್ತಾಳೆ ಅಂದುಕೊಂಡೆ. ಹೊಡೆದರೂ ಹೊಡೆಸಿಕೊಳ್ಳಲು ತಯಾರಿದ್ದೆ. ಸೂಟ್‌ಕೇಸ್ ಮೇಲೆ ಕುಳಿತಳು.

"ಮತ್ತೆ ಅವನ್ಯಾಕೆ ಹೌದು ಅಂದ?"

"ಅವ್ರಮ್ಮನ್ನ ಉಳಿಸೋಕೆ."

"ಅತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ನನ್ನ ಉಳಿಸೋಕೆ."

ಹೊರಗೆ ಬಿ.ಪಿ. ಮೆಷಿನ್ ಹತ್ತಿರ ಯಾರೋ ನಗುತ್ತಿದ್ದರು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ.

"ಎಲ್ರೂ ಒಬ್ರನ್ನೊಬ್ರು ಚೆನ್ನಾಗಿ ಉಳಿಸ್ಕೊಂಡ್ರಿ. ನನ್ನ ಉಳಿಸೋಕೆ ಯಾರಿದ್ರಿ ಅಕ್ಕ?"

ಅದಕ್ಕೆ ನಾನು ಅವಳ ಡಾಕ್ಟರ ಚೀಟಿ ತೆಗೆದು, ಅವಳ ಕೈಗೇ ಕೊಟ್ಟೆ.