ಚುಂಚನಕಟ್ಟೆಯ ಸದ್ದು

ದೇವರಾಜ ಮೊಹಲ್ಲಾ, ಮೈಸೂರು
22-12-1953

ಪ್ರೀತಿಯ ಗೌರಕ್ಕನಿಗೆ ಚೆಲುವರಾಜುವಿನ ನಮಸ್ಕಾರಗಳು.

ಭಾನುವಾರ ಅವ್ವನನ್ನು ಚುಂಚನಕಟ್ಟೆಗೆ ಕರೆದುಕೊಂಡು ಹೋಗಿದ್ದೆ. ಚಳಿಗಾಲದಲ್ಲಿ ಹೊಳೆ ತಗ್ಗಿದ್ದರೂ ಬಂಡೆಯಿಂದ ಬೀಳುವ ನೀರು ಭೋರ್ಗರೆಯುತ್ತಿತ್ತು. ಅಲ್ಲಿನ ರಾಮನ ಗುಡಿಯೊಳಗೆ ಆ ಸದ್ದು ಕೇಳಿಸುವುದಿಲ್ಲವೆಂದು ಜನ ನಂಬುತ್ತಾರಲ್ಲ, ಅವ್ವನೂ ಒಳಗೆ ನಿಂತು, "ದಿಟ ಕಣಪ್ಪ, ಏನೂ ಕೇಳಿಸ್ತಿಲ್ಲ" ಎಂದು ಕೈಮುಗಿದಳು.

"ಗೋಡೆ ದಪ್ಪ ಅದೆ, ಅಷ್ಟೇ. ಈ ಮೌಢ್ಯ ಬುಟ್ಬುಡವ್ವ" ಎಂದು ರೇಗಿ, ಕೈಹಿಡಿದು ಅವಳನ್ನು ನೀರಿನ ಎದುರಿಗೇ ತಂದು ನಿಲ್ಲಿಸಿದೆ. ಹನಿಗಳು ಅವಳ ಮುಖಕ್ಕೆ ಸಿಡಿಯುತ್ತಿದ್ದವು. ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿ ಹೇಳಿದಳು: "ಇಲ್ಲೂ ಕೇಳಿಸ್ತಿಲ್ಲ ಕಣೋ. ಬೇಸಿಗೆಯಿಂದ್ಲೂ ಹಿಂಗೇ. ಮುಖ ನೋಡ್ಕೊಂಡು ಮಾತು ತಿಳ್ಕೋತೀನಿ."

ಅಕ್ಕ, ಜಾತಿ ಮೀರಿ ಮದುವೆಯಾದ ನೀನು ದೀಪಾವಳಿಗೆ ಬಂದು ಬಾಗಿಲಲ್ಲೇ ನಿಂತು "ಅವ್ವಾ" ಎಂದು ಕೂಗಿದಾಗ, ಅವಳು ನಮಗೆ ಬೆನ್ನು ಮಾಡಿ ಅಕ್ಕಿ ಕೇರುತ್ತಲೇ ಇದ್ದಳು. ನೀನು ಅಳುತ್ತಾ ಹೊರಟುಹೋದೆ. ಅವಳ ಜಾತಿಯ ಹಟ ಮುರಿಯಬೇಕೆಂದು ಅಂದಿನಿಂದ ದಿನವೂ ಅವಳ ಪಕ್ಕದಲ್ಲಿ ಕೂತು ಜಾತಿ ವಿರೋಧಿ ಕರಪತ್ರಗಳನ್ನು ಗಟ್ಟಿಯಾಗಿ ಓದಿದೆ. ಅವಳು ಎಲ್ಲಕ್ಕೂ ತಲೆಯಾಡಿಸುತ್ತಿದ್ದಳು.

ಬಸ್ಸಿನಲ್ಲಿ ಬರುವಾಗ, "ಹಬ್ಬಕ್ಕಾದ್ರೂ ಗೌರಿ ಬರ್ತಾಳೆ ಅಂತಿದ್ದೆ" ಎಂದಳು. ನೀನು ಬಂದು ಹೋದದ್ದು ಅವಳಿಗೆ ಇಂದಿಗೂ ಗೊತ್ತಿಲ್ಲ.

ಸಂಕ್ರಾಂತಿಗೆ ಭಾವನವರನ್ನೂ ಕರೆದುಕೊಂಡು ಬಾ. ಬಾಗಿಲಲ್ಲಿ ನಿಂತು ಕೂಗಬೇಡ. ನೇರವಾಗಿ ಒಳಗೆ ಬಂದು ಅವಳ ಎದುರಿಗೆ ಕೂತುಕೋ.

ಕಾಯುತ್ತಿರುವ ನಿನ್ನ ತಮ್ಮ,
ಚೆಲುವರಾಜು