ಹಿಂದಿನ ಆಕ್ಸಲ್ಲಿಗೆ ನಾಲ್ಕು ಸರಳು

ಓಕ್ಲಹೋಮಾ, ೧೪ ಏಪ್ರಿಲ್ ೧೯೯೬, ಭಾನುವಾರ

ಪ್ರೀತಿಯ ಮಗಳು ಟ್ರೆಸಾಗೆ,

ನಿನ್ನ ಕ್ರಿಸ್‌ಮಸ್ ಕಾರ್ಡು ಬಂದು ನಾಲ್ಕು ತಿಂಗಳಾಯಿತು. ಉತ್ತರ ಬರೆಯದಿದ್ದದ್ದಕ್ಕೆ ಬೈಯಬೇಡ. ಬೈದರೂ ಪರವಾಗಿಲ್ಲ, ನಿನ್ನ ದನಿ ಕೇಳಿದ ಹಾಗಾದರೂ ಆದೀತು. ಸ್ಪೊಕೇನಿನಲ್ಲಿ ಇನ್ನೂ ಹಿಮವಿದೆಯೇ? ಬೇಕರಿಗೆ ಈಗಲೂ ಬಸ್ಸಿನಲ್ಲೇ ಓಡಾಡುತ್ತೀಯಾ? ಕಾಗದದ ಮೂಲೆಯಲ್ಲಿ ಗ್ರೀಸ್ ಅಂಟಿದೆ, ಎಷ್ಟು ತೊಳೆದರೂ ನನ್ನ ಉಗುರಿನಿಂದ ಅದು ಹೋಗುತ್ತಿಲ್ಲ.

ಟ್ರಕ್ಕಿನ ಮೇಲಿನ ತಾಡಪಾಲು ತೆಗೆಸಿದೆ. ಹೌದು, ರೇಸಿನಲ್ಲಿ ನಿನ್ನನ್ನು ಆಸ್ಪತ್ರೆಗೆ ಸೇರಿಸಿದ ಅದೇ ಪಿಕಪ್ ಟ್ರಕ್ಕು. ಅದು ನಮ್ಮಪ್ಪ ನನಗೆ ಕೊಟ್ಟದ್ದು, ನನ್ನ ಹೆಸರಿನಲ್ಲಿದೆ. ಎಂಟು ವರ್ಷ ಅದನ್ನು ಹೆಣದ ಹಾಗೆ ಮುಚ್ಚಿಟ್ಟದ್ದು ಸಾಕೆನ್ನಿಸಿತು. ಮೆಕ್ಯಾನಿಕ್ ಹೋಯ್ಟ್ ಆರುನೂರೈವತ್ತು ಕುದುರೆಶಕ್ತಿಯ ಎಂಜಿನ್ ಕೂರಿಸಿಕೊಟ್ಟ. ಜಗಳ ಶುರುವಾದದ್ದು ಹಿಂದಿನ ಚಕ್ರಗಳ ಸಸ್ಪೆನ್ಷನ್ನಿಗೆ.

ನಿಮ್ಮಪ್ಪನದು ಒಂದೇ ಹಟ. "ಇರೋ ಸ್ಪ್ರಿಂಗ್ ಪಟ್ಟಿಗೇನಾಗಿದೆ? ಬಿಚ್ಚೋದೇನೂ ಬೇಡ. ನಾನೇ ಮೇಲಿಂದ ಇನ್ನೊಂದೆರಡು ಕಡೆ ಬೆಸೀತೀನಿ." ಹೋಯ್ಟ್ ಒಪ್ಪಲಿಲ್ಲ. "ಡೆಲ್ಬರ್ಟಣ್ಣ, ಈ ಎಂಜಿನ್ನಿಗೆ ಆಕ್ಸಿಲರೇಟರ್ ತುಳಿದ್ರೆ ನಿನ್ನ ಪಟ್ಟಿ ನುಲ್ಕೊಂಡು ಹೋಗುತ್ತೆ. ಲ್ಯಾಡರ್ ಬಾರ್ ಹಾಕೋಣ. ಎರಡು ಉದ್ದನೆ ಸರಳು, ಚಕ್ರ ಕೂರೋ ಆಕ್ಸಲ್ ಅಲ್ಲಾಡಲ್ಲ, ಬಾಣದ ಹಾಗೆ ನೆಟ್ಟಗೆ ಹೋಗುತ್ತೆ."

ನಾನು ಇಪ್ಪತ್ತೆರಡು ವರ್ಷ ಈ ಜಿಲ್ಲೆಯ ರಸ್ತೆಗಳಲ್ಲಿ ಸ್ಕೂಲ್ ಬಸ್ ಓಡಿಸಿದವಳು. ರೇಸಿನ ನೆಲ ಕೇರಂ ಬೋರ್ಡಿನ ಹಾಗಿರುತ್ತದೆ, ಅಲ್ಲಿ ಲ್ಯಾಡರ್ ಬಾರ್ ಸೊಗಸು. ನಮ್ಮ ರಸ್ತೆಯಲ್ಲಿ ಒಂದು ಚಕ್ರ ಗುಂಡಿಗಿಳಿದರೆ ಇನ್ನೊಂದನ್ನೂ ಹಿಡಿದು ಎಳೆಯುತ್ತದೆ, ಟ್ರಕ್ಕೆಲ್ಲ ಬಿಗಿದುಕೊಂಡು ನರಳುತ್ತದೆ. ರೇಸಿಗೂ ರಸ್ತೆಯ ಮೇಲೇ ಓಡಿಸಿಕೊಂಡು ಹೋಗಬೇಕು, ಟ್ರೇಲರ್ ಮೇಲೆ ಹೇರಿಕೊಂಡು ಬಂದ ಗಾಡಿಯನ್ನು ಇಲ್ಲಿ ಯಾರೂ ಬೀದಿ ಟ್ರಕ್ಕು ಎನ್ನುವುದಿಲ್ಲ, ನಿನಗೇ ಗೊತ್ತು. ನಾಲ್ಕು ಸರಳಿನ ಫೋರ್ ಲಿಂಕೇ ಬೇಕು ಎಂದೆ. ಒಂದೊಂದು ಚಕ್ರವೂ ತನ್ನ ಪಾಡಿಗೆ ಏಳಬೇಕು, ಇಳಿಯಬೇಕು, ಆಕ್ಸಿಲರೇಟರ್ ತುಳಿದಾಗ ಮಾತ್ರ ಎರಡೂ ನೆಲ ಕಚ್ಚಬೇಕು.

"ಇದ್ರಲ್ಲಿ ಸಾಮಾನು ತರೋಕೆ ಹೋಗ್ತೀಯೇನೆ?" ಎಂದು ನಿಮ್ಮಪ್ಪ ನಕ್ಕ.

"ಹೌದು, ಮೊಟ್ಟೆ ತರೋಕೆ ಹೋಗ್ತೀನಿ. ಒಂದೂ ಒಡೀಬಾರ್ದು."

ಹಳೆಯದನ್ನೆಲ್ಲ ಬಿಚ್ಚುವ ದಿನ ಅವನು ಬೆಳಿಗ್ಗೆಯೇ ಮೀನು ಹಿಡಿಯಲು ಹೊರಟುಹೋದ. ಸ್ಪ್ರಿಂಗ್ ಪಟ್ಟಿಯನ್ನು ಆಕ್ಸಲ್ಲಿಗೆ ಹಿಡಿದಿಡಲು ನಿಮ್ಮಪ್ಪ ಬೆಸೆದಿದ್ದ ಎಡಗಡೆಯ ಬ್ರಾಕೆಟ್ಟನ್ನು ಹೋಯ್ಟ್ ಗ್ಯಾಸಿನಿಂದ ಕತ್ತರಿಸಿ ತೆಗೆದು, ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಮುರಿದ ಮುಖದ ಅರ್ಧ ಭಾಗ ಶುದ್ಧ ಬೂದು. ಇನ್ನರ್ಧದಲ್ಲಿ ಹಳೆಯ ಎಣ್ಣೆ ಇಳಿದು ಕಪ್ಪುಗಟ್ಟಿತ್ತು.

"ಮಿಸ್ ಲಿಯೋಟಾ, ಇದು ಆವತ್ತು ಮುರಿದದ್ದಲ್ಲ. ಬೆಸುಗೆ ಎಷ್ಟೋ ದಿನ ಮೊದ್ಲೇ ಬಿರುಕು ಬಿಟ್ಟಿತ್ತು. ಅದಕ್ಕೇ ಎಣ್ಣೆ ಒಳಗಿಳಿದಿದೆ. ಹುಡುಗಿ ಸ್ಟೀರಿಂಗ್ ತಿರುಗಿಸ್ಲಿಲ್ಲ. ತಿರುಗಿದ್ದು ಆಕ್ಸಲ್ಲು."

 ಬ್ರಾಕೆಟ್ಟನ್ನು ಅವನ ಕೈಯಿಂದ ತೆಗೆದುಕೊಂಡು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ.

ರೇಸಿನ ಬಯಲಿನ ತಿಂಡಿ ಅಂಗಡಿಯ ಗೋಡೆ ನೆನಪಿದೆಯಲ್ಲ? ಯಾರ ಗಾಡಿಯಲ್ಲಿ ಏನು ಮುರಿದರೂ ಅದನ್ನು ಅಲ್ಲಿ ತೂಗುಹಾಕಿ, ಹೆಸರು, ಕಾರಣ ಬರೆದ ಚೀಟಿ ಕಟ್ಟುತ್ತಾರೆ. ನಿನ್ನ ಸೊಟ್ಟಗಾದ ಚಕ್ರ ಇನ್ನೂ ಅಲ್ಲೇ ಇತ್ತು. ನಿಮ್ಮಪ್ಪನ ಕೈಬರಹದಲ್ಲಿ: "ಟ್ರೆಸಾ. ಕೈ ತಪ್ಪು." ಹೊಸದಾಗಿ ಬಂದ ಹುಡುಗರು ಅದನ್ನು ಓದಿ ನಗುವುದನ್ನು ನಾನು ಎಂಟು ವರ್ಷ ಕೇಳಿದ್ದೇನೆ.

ನಿನ್ನೆ ಟ್ರಕ್ಕನ್ನು ಮೂವತ್ತೊಂದು ಮೈಲಿ ರಸ್ತೆಯ ಮೇಲೇ ಓಡಿಸಿಕೊಂಡು ಹೋದೆ. ಕಾಲು ಮೈಲಿಯನ್ನು ಹನ್ನೊಂದೂವರೆ ಸೆಕೆಂಡಿಗೆ ಮುಗಿಸಿದೆ. ನೆಟ್ಟಗೆ ಹೋಯಿತು ಮಗಳೇ, ಐವತ್ತೆಂಟರ ಹೆಂಗಸಿನ ಕೈಯಲ್ಲೂ ನೆಟ್ಟಗೆ ಹೋಯಿತು. ಇಳಿದವಳೇ ಅಂಗಡಿಗೆ ನಡೆದೆ. ನಿನ್ನ ಚೀಟಿ ಹರಿದೆ. ಬ್ರಾಕೆಟ್ಟನ್ನು ಅದೇ ಮೊಳೆಗೆ ತೂಗಿ, ಎಲ್ಲರೂ ನೋಡುತ್ತಿದ್ದಂತೆ ಬರೆದೆ: "ಡೆಲ್ಬರ್ಟ್. ಬೆಸುಗೆ ತಪ್ಪು."

ನಿಮ್ಮಪ್ಪ ಕೈಯಲ್ಲಿ ಅರ್ಧ ತಿಂದ ಚಿಲ್ಲಿ ಡಾಗ್ ಬನ್ನು ಹಿಡಿದು ಅಲ್ಲೇ ನಿಂತಿದ್ದ. ಮುಖ ಬಿಳಿಚಿಕೊಂಡಿತು. "ಮನೆ ವಿಷ್ಯಾನ ಬೀದಿಗೆ ಹಾಕಿದ್ಯಲ್ಲೇ!"

"ಹಾಕಿದ್ದು ನೀನು, ಎಂಟು ವರ್ಷದ ಹಿಂದೆ. ನಾನು ತಿದ್ದಿದೆ, ಅಷ್ಟೇ," ಎಂದೆ.

ಯಾರೂ ನಗಲಿಲ್ಲ. ಅಂಗಡಿಯ ಹುರಿದ ಬೆಂಡೆಕಾಯಿ ಒಂದು ತಟ್ಟೆ ಕೊಂಡು, ಅಲ್ಲೇ ಕೂತು ಪೂರ್ತಿ ತಿಂದೆ. ಅವನು ನಿನ್ನೆ ರಾತ್ರಿ ಗ್ಯಾರೇಜಿನಲ್ಲಿ ಮಲಗಿದ. ಮಲಗಲಿ. ಚೀಟಿ ಮಾತ್ರ ಅಲ್ಲಿಂದ ಇಳಿಯುವುದಿಲ್ಲ. ಇಳಿಸಲು ಬಂದವರು ಮೊದಲು ನನ್ನ ಜೊತೆ ಮಾತನಾಡಬೇಕು.

ಟ್ರಕ್ಕಿನ ಪತ್ರಗಳನ್ನು ನಿನ್ನ ಹೆಸರಿಗೆ ಬರೆದು ಸಹಿ ಮಾಡಿ ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಓಡಿಸುವುದು, ಮಾರುವುದು, ಸುಡುವುದು ನಿನ್ನ ಇಷ್ಟ. ದೇವರು ನಿನ್ನ ಸೊಂಟದ ನೋವು ಕಡಿಮೆ ಮಾಡಲಿ, ನಿನಗೆ ಒಳ್ಳೆಯ ನಿದ್ದೆ ಕೊಡಲಿ.

ನಿನ್ನ ಅಮ್ಮ,
ಲಿಯೋಟಾ

ಮತ್ತೊಂದು ಮಾತು: ಇದನ್ನು ಬರೆಯದೆ ಲಕೋಟೆ ಅಂಟಿಸಿ, ಮತ್ತೆ ಹರಿದೆ. ಹೋಯ್ಟ್ ತೋರಿಸಿದ್ದನ್ನು ನಾನು ಆ ದಿನ ಮೊದಲ ಸಲ ನೋಡಿದ್ದಲ್ಲ. ಅಪಘಾತದ ಸಂಜೆಯೇ ನೋಡಿದ್ದೆ. ನಿಮ್ಮಪ್ಪ ನನ್ನ ಎರಡೂ ಕೈ ಹಿಡಿದು ಅತ್ತ. "ಗೊತ್ತಾದ್ರೆ ಇನ್ಯಾರು ನನ್ನನ್ನ ವೆಲ್ಡಿಂಗಿಗೆ ಕರೀತಾರೆ?" ಎಂದ. ನೀನು ಚಿಕ್ಕವಳು, ಮರೆಯುತ್ತೀಯ ಎಂದುಕೊಂಡೆ. ಸಸ್ಪೆನ್ಷನ್ ಬದಲಿಸಲು ನಾನು ಹಟ ಹಿಡಿದದ್ದು ರಸ್ತೆಗಾಗಿ ಮಾತ್ರವಲ್ಲ. ಅದು ಇನ್ನೊಬ್ಬರ ಕೈಯಿಂದ ಹೊರಗೆ ಬರಲಿ ಎಂದು. ನನ್ನ ಬಾಯಿಂದ ಹೇಳುವ ಧೈರ್ಯ ನನಗಿರಲಿಲ್ಲ. ನಿಮ್ಮಪ್ಪನ ಮೇಲೆ ನಿನಗಿರುವ ಸಿಟ್ಟಿನಲ್ಲಿ ಅರ್ಧ ನನ್ನದು, ಅದನ್ನು ಅವನಿಗೆ ಕೊಡಬೇಡ. ಆಸ್ಪತ್ರೆಯಲ್ಲಿ ಎಚ್ಚರವಾದ ಕೂಡಲೇ ನೀನು ಕೇಳಿದೆ, "ಅಮ್ಮಾ, ನಾನೇ ತಿರುಗಿಸಿಬಿಟ್ನಾ?" ನಾನು ಹೊದಿಕೆ ಸರಿಮಾಡುತ್ತಾ, "ಆಗಿದ್ದಾಯ್ತು, ಬಿಡು" ಎಂದೆ.

ಇಲ್ಲ ಮಗಳೇ. ನೀನು ತಿರುಗಿಸಲಿಲ್ಲ.