ಮರುಗದ ಮೇಲೊಂದು ಪೇಪರ್

ಫೆಬ್ರವರಿ 9, 2009

ಬೆಳಿಗ್ಗೆ ಮಾರ್ಕೆಟ್. ಸೊಣ್ಣಪ್ಪನ ಹೂವಿನಂಗಡಿಯಲ್ಲಿ ಮರುಗದ ಕೊಳೆತ ಕಟ್ಟುಗಳನ್ನೇ ಆರಿಸಿಕೊಂಡೆ. ಇಂಥ ಗಿರಾಕಿ ನಾನೊಬ್ಬಳೇ ಎಂದು ಎಂದಿನಂತೆ ನಕ್ಕ. ಆಮೇಲೆ ಕಾಲೇಜು, ಪಾಠ, ಲ್ಯಾಬ್. ಸಂಜೆ ಚಾಮರಾಜಪೇಟೆಯ ಸೈಬರ್ ಸೆಂಟರ್ — ಮೇಲ್ ಇಲ್ಲ. ಮರುಗದ ಕೊಳೆರೋಗದ ಮೇಲೆ ಒಂಬತ್ತು ವರ್ಷದ ಕೆಲಸ. ಹೆಸರಾಂತ ಜರ್ನಲ್ಲಿಗೆ ಕಳಿಸಿ ವರ್ಷವಾಗುತ್ತ ಬಂತು. ಬೇಡ ಎನ್ನಲೂ ಪುರುಸೊತ್ತಿಲ್ಲ ಅವರಿಗೆ. ರೂಮಿಗೆ ಬಂದು ಬೆಳಗಿನ ಸಾರನ್ನೇ ಬಿಸಿಮಾಡಿದೆ.

ಫೆಬ್ರವರಿ 12

ಒಂದು ಮೇಲ್! ‘ಗೌರವಾನ್ವಿತ ಡಾಕ್ಟರ್ ರುದ್ರಾಣಿ’ ಎಂದೇ ಶುರು. ಜೀವಶಾಸ್ತ್ರದ ಹೊಸ ಅಂತರರಾಷ್ಟ್ರೀಯ ಜರ್ನಲ್ ಅಂತೆ, ಪೇಪರ್ ಕಳಿಸಿ ಎಂದಿದ್ದಾರೆ. ಓಪನ್ ಆಕ್ಸೆಸ್ — ಓದುವವರಿಗೆ ಬಿಟ್ಟಿ, ಬರೆದವರು ದುಡ್ಡು ಕಟ್ಟಬೇಕು. ಅನುಮಾನವಾಯಿತು. ಸಂಪಾದಕರ ಪಟ್ಟಿ ತೆಗೆದರೆ ನಾರಾಯಣಪ್ಪ ಸರ್ ಹೆಸರು. ನನ್ನ ಪಿಎಚ್.ಡಿ. ಗೈಡ್! ಫೋನ್ ಮಾಡೋಣವೆನಿಸಿತು. ಮಾಡಲಿಲ್ಲ... ಶಿಫಾರಸು ಕೇಳಿದಂತಾಗುತ್ತದೆ. ಸರ್‌ಗೆ ಅದು ಆಗದು, ನನಗೂ ಆಗದು.

ಫೆಬ್ರವರಿ 13

ಮರುಗದ ಅದೇ ಪೇಪರನ್ನು ಇವರಿಗೂ ಕಳಿಸಿಬಿಟ್ಟೆ. ಹಳೆಯ ಜರ್ನಲ್ಲಿಗೆ ತಿಳಿಸಲಿಲ್ಲ.

ಫೆಬ್ರವರಿ 15

ಒಪ್ಪಿದ್ದಾರೆ. ಎರಡೇ ದಿನ! ಒಂದಕ್ಷರ ತಿದ್ದಿಲ್ಲ. ಅಷ್ಟು ಚೆನ್ನಾಗಿತ್ತೇ?

ಹೇಳಲು ಯಾರಿದ್ದಾರೆ. ಮಾರ್ಕೆಟ್ಟಿಗೆ ಹೋಗಿ ಸೊಣ್ಣಪ್ಪನಿಗೇ ಹೇಳಿದೆ. “ಮರುಗದ ಮೇಲೆ ಬರೆಯೋಕ್ ಏನಿದೆ ಅಕ್ಕಾ?” ಎಂದ. ಆದರೂ ಒಂದು ಮೊಳ ಮಲ್ಲಿಗೆ ಕೊಟ್ಟು ಕಾಸು ಬೇಡವೆಂದ.

ಫೆಬ್ರವರಿ 17

ದುಡ್ಡು ಕಟ್ಟಿದೆ. ಎಷ್ಟೆಂದು ಇಲ್ಲಿ ಬರೆಯುವುದಿಲ್ಲ.

ಮಾರ್ಚ್ 3

ನೆಟ್‌ನಲ್ಲಿ ಬಂತು. ನನ್ನದರ ಹಿಂದಿನ ಲೇಖನ ಸಿಮೆಂಟ್ ಇಟ್ಟಿಗೆಯದು, ಮುಂದಿನದು ಶೇರು ಮಾರುಕಟ್ಟೆಯದು. ಜೀವಶಾಸ್ತ್ರದ ಜರ್ನಲ್ಲಿನಲ್ಲಿ ಇವೇಕೆ? ಇರಲಿ. ನನ್ನ ಹೆಸರು ದಪ್ಪಕ್ಷರದಲ್ಲಿದೆ. ಅವರಿಂದ ದಿನಾ ಒಂದು ಮೇಲ್ ಬೇರೆ, ಕ್ಷೇಮ ವಿಚಾರಿಸಿ. ಕಾಲೇಜಿನಲ್ಲಿ ಅಷ್ಟು ಕೇಳುವವರೂ ಇಲ್ಲ.

ಮಾರ್ಚ್ 8, ಭಾನುವಾರ

ಪೇಪರನ್ನೂ ಸಂಪಾದಕರ ಪಟ್ಟಿಯನ್ನೂ ಪ್ರಿಂಟ್ ತೆಗೆಸಿಕೊಂಡು ಮಲ್ಲೇಶ್ವರಕ್ಕೆ ಹೋದೆ, ಸರ್ ಮನೆಗೆ. ನಿಮ್ಮ ಜರ್ನಲ್ಲಿನಲ್ಲೇ ಬಂದಿದೆ ಎಂದೆ. ಸರ್ ಕನ್ನಡಕ ಹಾಕಿ ಪಟ್ಟಿ ನೋಡಿದರು.

“ಇದ್ಯಾವ ಜರ್ನಲ್ಲು ರುದ್ರಾಣಿ? ನನ್ನನ್ನ ಯಾರೂ ಕೇಳೇ ಇಲ್ವಲ್ಲ.”

ಎಷ್ಟು ದಿನಕ್ಕೆ ಒಪ್ಪಿದರು, ಏನು ತಿದ್ದಿಸಿದರು ಎಂದು ಕೇಳಿದರು. ಹೇಳಿದೆ. “ಇದನ್ನ ಯಾರೂ ಓದಿಲ್ಲ ಕಣಮ್ಮ. ದುಡ್ಡು ಎಣಿಸ್ಕೊಂಡು ಹಾಕಿದಾರೆ. ಒಂದ್ ಫೋನ್ ಮಾಡಬಾರ್ದಿತ್ತಾ?”

ಒಮ್ಮೆ ಅಚ್ಚಾದ ಪೇಪರನ್ನು ಮರ್ಯಾದಸ್ಥ ಜರ್ನಲ್ ಯಾವುದೂ ಮುಟ್ಟುವುದಿಲ್ಲ. ಅದನ್ನು ಸರ್ ಹೇಳಬೇಕಾಗಿರಲಿಲ್ಲ, ನನಗೂ ಗೊತ್ತು. ಅವರ ಮನೆಯವರು ಕಾಫಿ ಕೊಟ್ಟರು. ಕುಡಿದು ಬಂದೆ.

ಮಾರ್ಚ್ 30

ನನ್ನ ಪೇಪರ್ ತೆಗೆದುಹಾಕಿ ಎಂದು ಆ ಜರ್ನಲ್ಲಿನವರಿಗೆ ಮೂರು ಸಲ ಬರೆದೆ. ತೆಗೆಯಲೂ ದುಡ್ಡು ಕಟ್ಟಬೇಕಂತೆ! ಕಟ್ಟುವುದಿಲ್ಲ ಎಂದೆ. ಅಲ್ಲಿಗೆ ಅವರ ಮೇಲ್ ನಿಂತಿತು. ನಾಚಿಕೆಗೇಡು... ಆರು ಗಂಟೆಯಾದರೆ ಕಾಲು ಸೈಬರ್ ಸೆಂಟರ್ ಕಡೆಗೇ ಹೋಗುತ್ತದೆ. ಖಾಲಿ ಇನ್‌ಬಾಕ್ಸ್ ನೋಡಿ ಬೇಸರವಾಗುತ್ತದೆ. ಆ ಕಳ್ಳರ ಬಾಯಿಯ ‘ಗೌರವಾನ್ವಿತ’ ನನಗೆ ಬೇಕಾಗಿತ್ತು.

ಏಪ್ರಿಲ್ 21

ಹಳೆಯ ಜರ್ನಲ್ಲಿನಿಂದ ಉತ್ತರ! ತಡವಾದದ್ದಕ್ಕೆ ಕ್ಷಮೆ ಕೇಳಿದ್ದಾರೆ. ಇಬ್ಬರು ವಿಮರ್ಶಕರು ಓದಿದ್ದಾರೆ, ಸಾಲುಸಾಲಾಗಿ. ಒಬ್ಬರದು ಮೂರು ಪುಟದ ಟಿಪ್ಪಣಿ. ಮೂರನೆಯ ಚಿತ್ರದ ಬೂಷ್ಟು ಹೊಲದಿಂದ ಬಂದದ್ದೋ, ಮಾರ್ಕೆಟ್ಟಿನ ಒದ್ದೆ ಗೋಣಿಯಿಂದಲೋ ಎಂದು ಕೇಳಿದ್ದಾರೆ. ಒಂಬತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಸೈಬರ್ ಸೆಂಟರಿನಲ್ಲೇ ಅತ್ತುಬಿಟ್ಟೆ.

ಸಣ್ಣಪುಟ್ಟ ತಿದ್ದುಪಡಿ ಮಾಡಿದರೆ ಪ್ರಕಟಿಸುತ್ತಾರಂತೆ. ಒಂದು ಮಾತು ಬರೆದುಕೊಡಬೇಕು — ಇದು ಬೇರೆಲ್ಲೂ ಪ್ರಕಟವಾಗಿಲ್ಲ ಎಂದು.

ಏಪ್ರಿಲ್ 22

ಉತ್ತರದ ಕರಡು ಇಲ್ಲೇ, ಕನ್ನಡದಲ್ಲೇ. ಇಂಗ್ಲಿಷಿನಲ್ಲಿ ಸುಳ್ಳು ಸಲೀಸಾಗಿ ಬರುತ್ತದೆ.

ಮಾನ್ಯ ಸಂಪಾದಕರೇ, ಓದಿದವರಿಗೆ ನನ್ನ ವಂದನೆ ತಿಳಿಸಿ. ಬೂಷ್ಟು ಹೊಲದಿಂದಲೇ ಬರುತ್ತದೆ. ಹೊಸಕೋಟೆ ಕಡೆಯ ಹೊಲಗಳಿಗೆ ಎರಡು ಮಳೆಗಾಲ ಹೋಗಿ ಬುಡ ಕಿತ್ತು ನೋಡಿದ್ದೇನೆ. ಇದನ್ನು ಕೇಳಿದವರು ಯಾರೆಂದು ತಿಳಿಯಬಹುದಾದರೆ ಅವರೊಡನೆ ಮಾತಾಡುವ ಆಸೆಯಿದೆ. ಇನ್ನು ತಾವು ಕೇಳಿದ ಮಾತು. ಈ ಲೇಖನ ಬೇರೆಲ್ಲೂ...